‘ಡಿಕೆನ್ಸಿಯನ್’ ಧಾರಾವಿ: ಒಂದು ವಿಶೇಷಣದ ವಿಚಾರ

ಕಥಾಸ್ಪರ್ಧೆಯ ತೀರ್ಪುಗಾರರಲ್ಲಿ ಒಬ್ಬನಾಗಿ ಕೂರುವ ಭಾಗ್ಯ ನನಗೆ ದೊರೆತದ್ದು ಯೋಗ್ಯತೆಯಿಂದಲ್ಲ. ಯಾರಾದರೂ ಕರೆದರೆ ‘ಆಗುವುದಿಲ್ಲ’ ಎನ್ನಲಾರದ ಸ್ವಭಾವದಿಂದ. ನಾನು ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತ. ಓದಿದ್ದು ಬಿ.ಎಸ್ಸಿ., ಅದೂ ರಸಾಯನಶಾಸ್ತ್ರ. ಸಾಹಿತ್ಯದ ಅಭ್ಯಾಸವೆಲ್ಲ ಸಾಯನ್ ಸ್ಟೇಷನ್ನಿನಿಂದ ಬೋರಿಬಂದರದವರೆಗಿನ ಲೋಕಲ್ ಗಾಡಿಯಲ್ಲಿ, ಕೂರಲು ಜಾಗ ಸಿಕ್ಕಿದ ದಿನಗಳಲ್ಲಿ ಮಾತ್ರ ನಡೆದದ್ದು. ಆದರೂ ಸಂಘದ ಮಾಸಿಕದಲ್ಲಿ ಆಗಾಗ ಪುಸ್ತಕ ಪರಿಚಯ ಬರೆಯುತ್ತ ಬಂದವನಾದ್ದರಿಂದ ಮಿತ್ರರು ನನ್ನನ್ನು ವಿಮರ್ಶಕನೆಂದು ಕರೆಯುತ್ತಾರೆ. ಆ ಹೆಸರು ಎಷ್ಟು ಅಪಾಯಕಾರಿ ಎಂಬುದು ನನಗೆ ತಿಳಿದದ್ದು ಇತ್ತೀಚೆಗೆ.

ಸ್ಪರ್ಧೆಗೆ ಬಂದ ಕಥೆಗಳಲ್ಲಿ ಒಂದು ಧಾರಾವಿಯಿಂದ ಬಂದಿತ್ತು. ಬರೆದವಳು ಅಲ್ಲಿಯೇ ಹುಟ್ಟಿ ಬೆಳೆದ ಹುಡುಗಿ. ಕಲಬುರಗಿಯ ಕಡೆಯಿಂದ ಬಂದ ದರ್ಜಿಯ ಮಗಳು. ಹಗಲು ದುಡಿದು ರಾತ್ರಿ ಪದವಿ ಪರೀಕ್ಷೆಗೆ ಓದುತ್ತಿದ್ದವಳು. ಕಥೆ ಹದಿನಾಲ್ಕು ಪುಟಗಳದ್ದು. ಹೊಲಿಗೆಯ ಗಾಲಾ ಒಂದರಲ್ಲಿ ಅಂಗಿಗಳಿಗೆ ಕಾಜಾ ಮಾಡಿ ಗುಂಡಿ ಹಚ್ಚುವ ಒಬ್ಬ ಮುದುಕನ ಸುತ್ತ ಹೆಣೆದದ್ದು. ಬಹುಮಾನ ವಿತರಣೆಯ ಸಭೆಯಲ್ಲಿ ನಾನು ಆ ಕಥೆಯ ಬಗ್ಗೆ ಎರಡು ಮಾತು ಹೇಳಿದೆ. ಭಾಷೆ ಚೆನ್ನಾಗಿದೆ, ಸಂಭಾಷಣೆ ಸಹಜವಾಗಿದೆ ಎಂದು ಮೊದಲು ಬೆನ್ನು ತಟ್ಟಿ, ಆಮೇಲೆ ಗಂಭೀರ ಮುಖ ಮಾಡಿಕೊಂಡು, “ಆದರೆ ಆ ಡಿಕೆನ್ಸಿಯನ್ ಧಾರಾವಿ ಈ ಕಥೆಯಲ್ಲಿ ಎಲ್ಲೂ ಕಾಣಿಸುವುದಿಲ್ಲ. ಲೇಖಕಿ ತನ್ನ ಪರಿಸರದ ಕಟು ವಾಸ್ತವಕ್ಕೆ ಬೆನ್ನು ಹಾಕಿದ್ದಾರೆ” ಎಂದೆ. ಸಭೆ ತಲೆದೂಗಿತು. ಕಥೆಗೆ ಬಹುಮಾನ ಬರಲಿಲ್ಲ. ನನ್ನ ಅಂಕಗಳೂ ಅದಕ್ಕೆ ಕಾರಣವಾಗಿದ್ದವು.

ಚಹಾದ ವೇಳೆಗೆ ಆ ಹುಡುಗಿ ಬಳಿಗೆ ಬಂದಳು. ಕೋಪವೇನೂ ಇರಲಿಲ್ಲ. “ಸರ್, ಡಿಕೆನ್ಸಿಯನ್ ಅಂದರೆ ಏನು?” ಎಂದು ಕೇಳಿದಳು. ನಾನು ಚಹಾದ ಕಪ್ಪನ್ನು ಕೆಳಗಿಟ್ಟು, “ಅಂದರೆ... ಬಡತನ, ಕೊಳಕು, ಕತ್ತಲೆ, ಇಕ್ಕಟ್ಟು, ಈ ಬಗೆಯದು” ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೊಳಕು ಅನ್ನುವುದಕ್ಕೆ ಕನ್ನಡದಲ್ಲಿ ಕೊಳಕು ಅಂತಲೇ ಇದೆಯಲ್ಲ ಸರ್. ಅದಕ್ಕೆ ಮನುಷ್ಯನ ಹೆಸರು ಯಾಕೆ?” ಎಂದಳು. ಉತ್ತರ ನನ್ನಲ್ಲಿರಲಿಲ್ಲ. ಕಚೇರಿಯಲ್ಲಿ ಪರರ ಕಡತಗಳ ಮೇಲೆ ‘ಅರ್ಥ ಸ್ಪಷ್ಟವಿಲ್ಲ’ ಎಂದು ಟಿಪ್ಪಣಿ ಬರೆದು ಹಿಂದಕ್ಕೆ ಕಳುಹಿಸುವುದು ನನ್ನ ಇಪ್ಪತ್ತು ವರ್ಷಗಳ ಕಸುಬು. ಆ ದಿನ ನನ್ನದೇ ಕಡತ ಹಿಂದಕ್ಕೆ ಬಂತು.

ಆ ಶಬ್ದ ನನಗೆ ಸಿಕ್ಕಿದ್ದಾದರೂ ಎಲ್ಲಿ ಎಂದು ಮೊದಲು ನೆನಪು ಮಾಡಿಕೊಂಡೆ. ೨೦೦೮ರಲ್ಲಿ ‘ಸ್ಲಮ್‌ಡಾಗ್ ಮಿಲಿಯನೇರ್’ ಚಿತ್ರ ಬಂದಾಗ ಆಂಗ್ಲ ಪತ್ರಿಕೆಗಳ ವಿಮರ್ಶಕರು ಅನೇಕರು ಡಿಕೆನ್ಸನನ್ನು ನೆನೆದರು. ಮರುವರ್ಷ ಅದಕ್ಕೆ ಎಂಟು ಆಸ್ಕರ್ ಬಂದ ಮೇಲಂತೂ ಧಾರಾವಿ ಎಂದೊಡನೆ ಡಿಕೆನ್ಸಿಯನ್, ಡಿಕೆನ್ಸಿಯನ್ ಎಂದೊಡನೆ ಧಾರಾವಿ ಎಂಬಂತಾಯಿತು. ನಾನೂ ಆ ಶಬ್ದವನ್ನು ಅಲ್ಲಿಂದ ಎತ್ತಿಕೊಂಡು, ಅರ್ಥ ನೋಡದೆ, ಜೇಬಿನಲ್ಲಿಟ್ಟುಕೊಂಡಿದ್ದೆ. ಹೊಸ ನೋಟು ಸಿಕ್ಕಿದವನಂತೆ ಖರ್ಚು ಮಾಡಲು ಸಮಯ ಕಾಯುತ್ತಿದ್ದೆ.

ನಿಘಂಟು ತೆರೆದು ನೋಡಿದಾಗ ಮೊದಲನೆಯ ಅಚ್ಚರಿ ಕಾದಿತ್ತು. ಶಬ್ದಕ್ಕಿರುವುದು ಒಂದೇ ಅರ್ಥವಲ್ಲ. ಚಾರ್ಲ್ಸ್ ಡಿಕೆನ್ಸನಿಗೆ ಅಥವಾ ಅವನ ಕೃತಿಗಳಿಗೆ ಸಂಬಂಧಿಸಿದ್ದು ಎಂಬುದು ಮೂಲಾರ್ಥ. ಅವನ ಕಾದಂಬರಿಗಳಲ್ಲಿ ಬರುವಂಥ ದುಃಸ್ಥಿತಿಯನ್ನು ನೆನಪಿಗೆ ತರುವಂಥದು ಎಂಬುದು ಒಂದು ವಿಶೇಷಾರ್ಥ. ಅವನ ಪಾತ್ರಗಳಂತೆ ವಿಚಿತ್ರವೂ ನಗೆ ಬರಿಸುವಂಥದೂ ಎಂಬುದು ಇನ್ನೊಂದು. ಇದಲ್ಲದೆ, ಇಂಗ್ಲಿಷರು ‘ಡಿಕೆನ್ಸಿಯನ್ ಕ್ರಿಸ್ಮಸ್’ ಎಂದಾಗ ಹೊರಗೆ ಹಿಮ, ಒಳಗೆ ಬೆಂಕಿಯ ಗೂಡು, ಮೇಜಿನ ತುಂಬ ಭಕ್ಷ್ಯ, ನೆರೆಹೊರೆಯವರ ನಗು, ಇಷ್ಟೂ ಅದರಲ್ಲಿ ಅಡಕವಾಗಿರುತ್ತದೆ. ೧೮೪೩ರಲ್ಲಿ ಬಂದ ‘ಎ ಕ್ರಿಸ್ಮಸ್ ಕ್ಯಾರಲ್’ ಎಂಬ ಸಣ್ಣ ಪುಸ್ತಕದ ಪ್ರಭಾವ ಅದು. ಅಂದರೆ ಒಂದೇ ವಿಶೇಷಣ ಹಸಿವಿಗೂ ಸಲ್ಲುತ್ತದೆ, ಹಬ್ಬದೂಟಕ್ಕೂ ಸಲ್ಲುತ್ತದೆ. ನಾನು ಹಿಡಿದುಕೊಂಡದ್ದು ಅದರ ಒಂದು ತುದಿಯನ್ನು ಮಾತ್ರ.

ಇನ್ನು ಶಬ್ದದ ಹುಟ್ಟು. ರಿಚರ್ಡ್ ಎಂಬ ಹೆಸರನ್ನು ಇಂಗ್ಲಿಷರು ಮನೆಯಲ್ಲಿ ರಿಕ್ ಎಂದು, ಅದನ್ನೇ ಪ್ರಾಸ ಮಾಡಿ ಡಿಕ್ ಎಂದು ಕರೆದರು. ನಮ್ಮಲ್ಲಿ ವೆಂಕಟೇಶ ವೆಂಕ್ಯಾ ಆಗುವಂತೆ ಡಿಕ್ ಎಂಬುದು ಮುದ್ದಿನಿಂದ ಡಿಕನ್ ಆಯಿತು. ಡಿಕನ್ನನ ಮನೆತನದವರು ಡಿಕೆನ್ಸ್ ಆದರು. ಮೂಲದ ರಿಚರ್ಡ್ ಎಂಬ ಜರ್ಮಾನಿಕ್ ಹೆಸರಿನಲ್ಲಿ ‘ಅರಸು, ಅಧಿಕಾರ’ ಎಂಬ ಅರ್ಥದ ಒಂದು ಧಾತುವೂ ‘ಗಟ್ಟಿ, ಧೀರ’ ಎಂಬ ಅರ್ಥದ ಇನ್ನೊಂದು ಧಾತುವೂ ಸೇರಿವೆ. ಕೊನೆಯ ‘ಇಯನ್’ ಎಂಬುದು ಲ್ಯಾಟಿನ್ನಿನಿಂದ ಬಂದ ಪ್ರತ್ಯಯ. ‘ಸೇರಿದ, ಸಂಬಂಧಿಸಿದ’ ಎಂಬ ಅರ್ಥವುಳ್ಳದ್ದು. ಹೀಗೆ ಅಗೆದು ತಳಕ್ಕೆ ಹೋದರೆ ಈ ವಿಶೇಷಣದ ಬುಡದಲ್ಲಿ ಕೊಳಕೂ ಇಲ್ಲ, ಬಡತನವೂ ಇಲ್ಲ. ಒಬ್ಬ ಧೀರ ಅರಸ ಕೂತಿದ್ದಾನೆ! ತಮಾಷೆಯೆಂದರೆ ‘ಡಿಕೆನ್ಸ್’ ಎಂಬುದು ಆಡುಮಾತಿನಲ್ಲಿ ಸೈತಾನನ ಹೆಸರನ್ನು ನೇರವಾಗಿ ಹೇಳದೆ ಸೂಚಿಸುವ ಉದ್ಗಾರವೂ ಹೌದು. ನಮ್ಮ ಲೇಖಕ ಹುಟ್ಟುವುದಕ್ಕೆ ಇನ್ನೂರು ವರ್ಷಗಳ ಹಿಂದೆಯೇ ಷೇಕ್ಸ್‌ಪಿಯರ್ ‘ದಿ ಮೆರ್ರಿ ವೈವ್ಸ್ ಆಫ್ ವಿಂಡ್ಸರ್’ ನಾಟಕದಲ್ಲಿ ಅದನ್ನು ಬಳಸಿದ್ದಾನೆ.

ವ್ಯಕ್ತಿಯ ಹೆಸರನ್ನು ವಿಶೇಷಣ ಮಾಡುವುದು ನಮಗೇನೂ ಹೊಸದಲ್ಲ. ಕನ್ನಡ ಅದಕ್ಕೆ ಪ್ರತ್ಯಯವನ್ನೂ ಕೇಳುವುದಿಲ್ಲ. ಹೆಸರನ್ನು ಹಾಗೆಯೇ ಮುಂದೆ ನಿಲ್ಲಿಸಿಬಿಡುತ್ತದೆ. ಭಗೀರಥಪ್ರಯತ್ನ, ಭೀಷ್ಮಪ್ರತಿಜ್ಞೆ, ಕುಂಭಕರ್ಣನಿದ್ರೆ. ಈ ಕೊನೆಯದನ್ನು ಸ್ವಲ್ಪ ಯೋಚಿಸಿ ನೋಡಿ. ಸೀತೆಯನ್ನು ತಂದದ್ದು ತಪ್ಪೆಂದು ತುಂಬಿದ ಸಭೆಯಲ್ಲಿ ರಾವಣನಿಗೆ ಹೇಳಿದವರಲ್ಲಿ ಕುಂಭಕರ್ಣನೂ ಒಬ್ಬ. ತಪ್ಪೆಂದು ತಿಳಿದೂ ಅಣ್ಣನಿಗಾಗಿ ಯುದ್ಧಕ್ಕೆ ಹೋಗಿ ಸತ್ತವನು. ಅಂಥ ಮನುಷ್ಯನಲ್ಲಿ ನಾವು ಉಳಿಸಿಕೊಂಡದ್ದೇನು? ನಿದ್ರೆ! ವಿಶೇಷಣದ ಗುಣವೇ ಇದು. ಇಡೀ ವ್ಯಕ್ತಿಯನ್ನು ಹೊತ್ತುಕೊಂಡು ಓಡಾಡುವುದು ಅದಕ್ಕೆ ಭಾರ. ಒಂದು ಲಕ್ಷಣವನ್ನು ಕಿತ್ತುಕೊಂಡು ಉಳಿದುದನ್ನು ದಾರಿಯಲ್ಲಿ ಬಿಟ್ಟುಬಿಡುತ್ತದೆ. ಡಿಕೆನ್ಸನಿಗೂ ಆದದ್ದು ಅದೇ. ದಾರಿಯಲ್ಲಿ ಬಿದ್ದುಹೋದದ್ದೇನು ಎಂಬುದನ್ನು ಹುಡುಕಿ ನೋಡುವುದು ನನ್ನ ಪಾಲಿಗೆ ಪ್ರಾಯಶ್ಚಿತ್ತವಾಯಿತು.

ಚಾರ್ಲ್ಸ್ ಡಿಕೆನ್ಸ್ ಹುಟ್ಟಿದ್ದು ೧೮೧೨ರ ಫೆಬ್ರುವರಿ ೭ರಂದು. ಅವನ ತಂದೆ ಜಾನ್ ಡಿಕೆನ್ಸ್ ಏನಾಗಿದ್ದನೆಂದು ಓದಿದಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಅವನು ನೌಕಾಪಡೆಯ ಸಂಬಳ ಬಟವಾಡೆಯ ಕಚೇರಿಯಲ್ಲಿ ಗುಮಾಸ್ತ! ಅಂದರೆ ನಮ್ಮವನೇ. ಸಂಬಳಕ್ಕೆ ಮೀರಿ ಖರ್ಚು ಮಾಡಿ, ಸಾಲ ತೀರಿಸಲಾಗದೆ, ೧೮೨೪ರಲ್ಲಿ ಲಂಡನ್ನಿನ ಮಾರ್ಷಲ್‌ಸೀ ಎಂಬ ಸಾಲಗಾರರ ಸೆರೆಮನೆ ಸೇರಿದ. ಆಗ ತಾನೇ ಹನ್ನೆರಡು ತುಂಬಿದ್ದ ಮಗ ಬೂಟು ಪಾಲಿಷಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತ. ಪಾಲಿಷು ತುಂಬಿದ ಕುಪ್ಪಿಗಳ ಬಾಯಿಗೆ ಎಣ್ಣೆಕಾಗದ ಮುಚ್ಚಿ, ಅದರ ಮೇಲೆ ನೀಲಿ ಕಾಗದ ಸುತ್ತಿ, ದಾರ ಕಟ್ಟಿ, ಅಂಚು ಕತ್ತರಿಸಿ, ಚೀಟಿ ಅಂಟಿಸುವುದು ಕೆಲಸ. ವಾರಕ್ಕೆ ಆರೇಳು ಶಿಲಿಂಗ್. ಕಾರ್ಖಾನೆ ಬೇರೆ ಬೀದಿಗೆ ಹೋದ ಮೇಲೆ ಬೆಳಕಿಗಾಗಿ ಹುಡುಗರನ್ನು ಕಿಟಕಿಯ ಬಳಿ ಕೂರಿಸಲಾಯಿತು. ಅವರ ಕೈಚಳಕ ಎಷ್ಟಿತ್ತೆಂದರೆ ದಾರಿಹೋಕರು ನಿಂತು ನೋಡುತ್ತಿದ್ದರಂತೆ.

ಈ ಸಂಗತಿಯನ್ನು ಅವನು ಬದುಕಿರುವವರೆಗೆ ತನ್ನ ಮಕ್ಕಳಿಗೂ ಹೇಳಲಿಲ್ಲ. ಗೆಳೆಯ ಜಾನ್ ಫಾರ್ಸ್ಟರನಿಗೆ ಬರೆದುಕೊಟ್ಟಿದ್ದ. ೧೮೭೦ರಲ್ಲಿ ಡಿಕೆನ್ಸ್ ತೀರಿಕೊಂಡ ಮೇಲೆ ಫಾರ್ಸ್ಟರ್ ಬರೆದ ಜೀವನಚರಿತ್ರೆಯಲ್ಲಿ ಅದು ಹೊರಗೆ ಬಂತು. ನನಗೆ ಮುಖ್ಯವಾಗಿ ತೋರಿದ್ದು ಆ ಕಿಟಕಿ. ಕಿಟಕಿಯ ಹೊರಗೆ ನಿಂತು ನೋಡುವವರಿಗೆ ಕಾಣುವುದು ‘ಕೆಲಸ ಮಾಡುವ ಬಡ ಹುಡುಗರು’. ಒಳಗೆ ಕುಳಿತ ಹುಡುಗನಿಗೆ ತಾನೊಬ್ಬ ‘ಬಡ ಹುಡುಗ’ನಲ್ಲ, ಪುಸ್ತಕ ಓದಿದವನು, ಅಪ್ಪನ ಮೇಲೆ ಪ್ರೀತಿಯೂ ಸಿಟ್ಟೂ ಇರುವವನು, ಅವಮಾನದಿಂದ ಬೇಯುತ್ತಿರುವವನು. ಮುಂದೆ ಆ ಹುಡುಗ ಬರೆದದ್ದೆಲ್ಲ ಕಿಟಕಿಯ ಒಳಗಿನಿಂದ ಬರೆದದ್ದು. ಅವನ ಹೆಸರಿನಿಂದ ಹುಟ್ಟಿದ ವಿಶೇಷಣವನ್ನು ನಾನು ಬಳಸಿದ್ದು ಹೊರಗಿನ ದಾರಿಹೋಕನಾಗಿ. ಸಾಯನ್ ಮತ್ತು ಮಾಟುಂಗಾ ನಡುವೆ ಗಾಡಿ ಸಾಗುವಾಗ ಧಾರಾವಿಯ ತಗಡಿನ ಮಾಡುಗಳನ್ನು ನಾನು ದಿನವೂ ಎರಡು ಸಲ ನೋಡುತ್ತೇನೆ. ನೋಡುತ್ತೇನೆ ಎನ್ನುವುದೂ ಹೆಚ್ಚೇ. ಆ ಕಡೆಗೆ ಮುಖ ಇರುತ್ತದೆ, ಅಷ್ಟೆ.

ಹಾಗಾದರೆ ಡಿಕೆನ್ಸನ ಲಂಡನ್ನಿಗೂ ನಮ್ಮ ಧಾರಾವಿಗೂ ಹೋಲಿಕೆಯೇ ಇಲ್ಲವೆ? ಇದೆ. ನಾನು ಅಂದುಕೊಂಡದ್ದಕ್ಕಿಂತ ಹೆಚ್ಚೇ ಇದೆ. ‘ಆಲಿವರ್ ಟ್ವಿಸ್ಟ್’ ಕಾದಂಬರಿಯಲ್ಲಿ ಕೊಲೆಗಡುಕ ಸೈಕ್ಸ್ ಸಾಯುವ ಜಾಗ ಜೇಕಬ್ಸ್ ಐಲೆಂಡ್ ಎಂಬ ಕೇರಿ. ಅದು ಥೇಮ್ಸ್ ನದಿಯ ದಂಡೆಯ ಬರ್ಮಂಡ್ಸಿ ಎಂಬ ಪ್ರದೇಶದಲ್ಲಿತ್ತು. ಬರ್ಮಂಡ್ಸಿ ಆ ಕಾಲದ ಲಂಡನ್ನಿನಲ್ಲಿ ತೊಗಲು ಹದಮಾಡುವ ಕಸುಬಿನ ಕೇಂದ್ರ. ನಮ್ಮ ಧಾರಾವಿಯ ಕಥೆ ನೋಡಿ. ಮೂಲತಃ ಮಾಹಿಮ್ ಖಾರಿಯ ದಂಡೆಯ ಕೋಳಿವಾಡ, ಮೀನುಗಾರರ ಹಳ್ಳಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಲ್ಲಿಗೆ ತೊಗಲಿನ ಕಸುಬು ಬಂತು. ಬಾಂದ್ರಾದ ಕಸಾಯಿಖಾನೆ ಹತ್ತಿರವಿದ್ದುದು ಅದಕ್ಕೆ ಅನುಕೂಲವಾಯಿತು. ತಿರುನೆಲ್ವೇಲಿಯ ಕಡೆಯ ತಮಿಳರು ತೊಗಲಿನ ಕೆಲಸಕ್ಕೆ ಬಂದರು, ಸೌರಾಷ್ಟ್ರದ ಕುಂಬಾರರು ಕುಂಭಾರವಾಡ ಕಟ್ಟಿದರು, ಉತ್ತರಪ್ರದೇಶದವರು ಬಂದರು, ನಮ್ಮ ಉತ್ತರ ಕರ್ನಾಟಕದವರೂ ಬಂದರು. ಹಸಿ ತೊಗಲಿಗೆ ಉಪ್ಪು ಹಾಕಿ, ಸುಣ್ಣದಲ್ಲಿ ನೆನೆಸಿ, ಕೂದಲು ಕೆರೆದು ಹದ ಮಾಡುವಾಗ ಏಳುವ ವಾಸನೆ ಏನೆಂಬುದು ರಸಾಯನಶಾಸ್ತ್ರ ಓದಿದವನಿಗೆ ಹೇಳಬೇಕಾಗಿಲ್ಲ. ಊರಿಗೆ ಚಪ್ಪಲಿಯೂ ಬೇಕು, ಚೀಲವೂ ಬೇಕು. ವಾಸನೆ ಮಾತ್ರ ಊರಿನ ಹೊರಗಿರಬೇಕು. ಲಂಡನ್ನಿಗೆ ಬರ್ಮಂಡ್ಸಿ, ಮುಂಬಯಿಗೆ ಧಾರಾವಿ. ೧೯೭೧ರಲ್ಲಿ ಕಸಾಯಿಖಾನೆ ದೇವನಾರಿಗೆ ಹೋಯಿತು. ಹದ ಮಾಡುವ ಕುಂಡಗಳೂ ಕಾಲಕ್ರಮೇಣ ಬಹುಮಟ್ಟಿಗೆ ಧಾರಾವಿಯಿಂದ ಹೊರಬಿದ್ದವು. ಚೀಲ, ಬೆಲ್ಟು, ಜಾಕೀಟು ಮಾಡುವ ಕೈಗಳು ಉಳಿದವು.

ಜೇಕಬ್ಸ್ ಐಲೆಂಡಿನ ಬಗ್ಗೆ ಇನ್ನೊಂದು ಪ್ರಸಂಗವಿದೆ. ಸರ್ ಪೀಟರ್ ಲಾರಿ ಎಂಬ ಲಂಡನ್ನಿನ ನಗರಪಿತನೊಬ್ಬ ೧೮೫೦ರಲ್ಲಿ, ಅಂಥ ಕೇರಿ ಕಾದಂಬರಿಯಲ್ಲಿ ಮಾತ್ರ ಇದೆ, ವಾಸ್ತವದಲ್ಲಿಲ್ಲ ಎಂಬರ್ಥದ ಮಾತಾಡಿದ. ಡಿಕೆನ್ಸ್ ಅದೇ ವರ್ಷ ‘ಆಲಿವರ್ ಟ್ವಿಸ್ಟ್’ನ ಹೊಸ ಆವೃತ್ತಿಗೆ ಮುನ್ನುಡಿ ಬರೆದು ಅವನನ್ನು ಚೆನ್ನಾಗಿ ಗೇಲಿ ಮಾಡಿದ. ಅದಕ್ಕೆ ಒಂದೇ ವರ್ಷ ಹಿಂದೆ ಆ ಕೇರಿಯಲ್ಲಿ ಕಾಲರಾ ಜನರನ್ನು ಕೊಂದಿತ್ತು. ನಗರದ ಹಿರಿಯರಿಗೆ ಕೇರಿ ಕಾಣುವುದಿಲ್ಲ, ಇಲ್ಲವೆ ಕೇರಿಯಷ್ಟೇ ಕಾಣುತ್ತದೆ; ಅಲ್ಲಿನ ಜನ ಕಾಣುವುದಿಲ್ಲ. ಸರ್ ಪೀಟರನದು ಮೊದಲನೆಯ ಬಗೆಯ ಕುರುಡು, ನನ್ನದು ಎರಡನೆಯ ಬಗೆಯದು. ಇಂದು ಜೇಕಬ್ಸ್ ಐಲೆಂಡ್ ಇದ್ದ ಜಾಗದಲ್ಲಿ ನದಿಗೆ ಮುಖ ಮಾಡಿದ ದುಬಾರಿ ವಸತಿಗಳಿವೆ. ಧಾರಾವಿಯ ಪಕ್ಕದಲ್ಲೇ ಬಾಂದ್ರಾ-ಕುರ್ಲಾ ಸಂಕೀರ್ಣದ ಗಾಜಿನ ಕಟ್ಟಡಗಳು ಎದ್ದಿರುವಾಗ ಈ ಮಾತಿಗೆ ಹೆಚ್ಚಿನ ವ್ಯಾಖ್ಯಾನ ಬೇಡ.

‘ಬ್ಲೀಕ್ ಹೌಸ್’ ೧೮೫೨-೫೩ರಲ್ಲಿ ಕಂತುಗಳಾಗಿ ಬಂದ ಕಾದಂಬರಿ. ಅದರಲ್ಲಿ ಜೋ ಎಂಬ ಬೀದಿ ಗುಡಿಸುವ ಹುಡುಗನಿದ್ದಾನೆ. ಅವನು ಎಲ್ಲಿ ನಿಂತರೂ ಪೊಲೀಸನು ‘ಮುಂದೆ ನಡಿ’ ಎನ್ನುತ್ತಾನೆ. ಎಲ್ಲಿಗೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಅವನಿರುವ ಕೇರಿ ನ್ಯಾಯಾಲಯದ ವ್ಯಾಜ್ಯದಲ್ಲಿ ಸಿಕ್ಕಿಬಿದ್ದು ಕುಸಿಯುತ್ತಿದೆ. ಕೇರಿಯ ರೋಗ ಅಲ್ಲಿಗೇ ನಿಲ್ಲದೆ ಹುಡುಗನೊಂದಿಗೆ ನಡೆದು ಸುಖವಂತರ ಮನೆಯ ಬಾಗಿಲು ತಟ್ಟುತ್ತದೆ. ಕಥಾನಾಯಕಿಯ ಮುಖದಲ್ಲಿ ಕಲೆ ಉಳಿಸುತ್ತದೆ. ೨೦೨೦ರ ಏಪ್ರಿಲಿನಲ್ಲಿ ಧಾರಾವಿಯಲ್ಲಿ ಕೋವಿಡ್ ಕಾಣಿಸಿಕೊಂಡಾಗ ನಮ್ಮ ಇಡೀ ನಗರ ಆ ಕಡೆಗೆ ಹೇಗೆ ನೋಡಿತೆಂಬುದು ನಮಗೆಲ್ಲ ನೆನಪಿದೆ. ಅಲ್ಲಿಂದ ರೋಗ ಹಬ್ಬೀತೆಂಬ ಭಯ ಎಲ್ಲರಿಗೂ ಇತ್ತು. ಅದೇ ಜುಲೈಯಲ್ಲಿ, ರೋಗವನ್ನು ಹತೋಟಿಗೆ ತಂದ ಉದಾಹರಣೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರು ಧಾರಾವಿಯ ಹೆಸರು ಹೇಳಿದರು. ಆಗ ಯಾರೂ ‘ಡಿಕೆನ್ಸಿಯನ್’ ಎನ್ನಲಿಲ್ಲ. ಭಯಕ್ಕೆ ಸಿದ್ಧವಾಗಿದ್ದ ವಿಶೇಷಣ ಮೆಚ್ಚುಗೆಗೆ ಸಿದ್ಧವಾಗಿರಲಿಲ್ಲ.

ಇನ್ನು ‘ಅವರ್ ಮ್ಯೂಚುಯಲ್ ಫ್ರೆಂಡ್’, ೧೮೬೪-೬೫ರಲ್ಲಿ ಬಂದದ್ದು, ಅವನು ಮುಗಿಸಿದ ಕೊನೆಯ ಕಾದಂಬರಿ. ಅದರ ನಡುವೆ ಬೆಟ್ಟದಂತೆ ನಿಂತಿರುವುದು ಕಸದ ರಾಶಿಗಳು! ಊರಿನ ಮನೆಮನೆಯ ಬೂದಿಯನ್ನೂ ಕಸವನ್ನೂ ಒಟ್ಟಿ, ಜರಡಿ ಹಿಡಿದು, ಮಾರಿ ಒಬ್ಬ ಮನುಷ್ಯ ಶ್ರೀಮಂತನಾಗಿದ್ದಾನೆ. ಆ ಆಸ್ತಿಗಾಗಿಯೇ ಕಥೆಯ ಜಗ್ಗಾಟವೆಲ್ಲ. ಧಾರಾವಿಯ ‘ತೇರಾ ಕಂಪೌಂಡ್’ ಕಂಡವರಿಗೆ ಇದು ಹೊಸದಲ್ಲ. ನಾವು ಎಸೆದ ಪ್ಲಾಸ್ಟಿಕ್ಕು ಅಲ್ಲಿ ಬಣ್ಣಬಣ್ಣಕ್ಕೆ ಬೇರೆಯಾಗಿ, ಚೂರಾಗಿ, ತೊಳೆದು ಒಣಗಿ, ಕರಗಿ ಕಾಳಾಗಿ ಮತ್ತೆ ಮಾಲಾಗುತ್ತದೆ. ಡಿಕೆನ್ಸನಿಗೆ ಕಸ ಹೇಸಿಗೆಯ ಸಂಕೇತವಷ್ಟೇ ಅಲ್ಲ. ಕಸವೂ ಹಣವೂ ಒಂದೇ ವಸ್ತುವಿನ ಎರಡು ಅವಸ್ಥೆಗಳೆಂದು ಅವನು ಕಂಡಿದ್ದ. ಅದೇ ಕಾದಂಬರಿಯಲ್ಲಿ ಜೆನ್ನಿ ರೆನ್ ಎಂಬ ಹುಡುಗಿಯಿದ್ದಾಳೆ. ಬೆನ್ನು ಸರಿಯಿಲ್ಲ, ಕಾಲು ಬಾರದು. ಗೊಂಬೆಗಳಿಗೆ ಉಡುಪು ಹೊಲಿಯುವುದು ಅವಳ ವೃತ್ತಿ. ಶ್ರೀಮಂತ ಹೆಂಗಸರು ಗಾಡಿಯಿಂದ ಇಳಿಯುವಾಗ ದೂರದಲ್ಲಿ ನಿಂತು ಅವರ ಉಡುಪನ್ನು ಕಣ್ಣಿನಲ್ಲೇ ಅಳೆದುಕೊಂಡು ಬಂದು ಗೊಂಬೆಗೆ ಹೊಲಿಯುತ್ತಾಳೆ. ಅವರು ತನಗಾಗಿ ನಿಂತು ಅಳತೆ ಕೊಡುತ್ತಿದ್ದಾರೆಂಬುದು ಅವಳ ಭಾವನೆ. ಇಲ್ಲಿ ನೋಡುವವರು ಯಾರು, ನೋಡಿಸಿಕೊಳ್ಳುವವರು ಯಾರು? ಬಡವಿಯ ಕಣ್ಣು ಶ್ರೀಮಂತರನ್ನು ಅಳೆಯುತ್ತಿದೆ. ಇದೂ ಡಿಕೆನ್ಸಿಯನ್ನೇ. ನಾನು ಆ ಶಬ್ದವನ್ನು ಬಳಸಿದಾಗ ನನ್ನ ಮನಸ್ಸಿನಲ್ಲಿ ಜೆನ್ನಿ ರೆನ್ ಇರಲಿಲ್ಲ.

‘ಲಿಟ್ಲ್ ಡಾರಿಟ್’ ಓದುವಾಗ ನಾನು ಸುತ್ತಮುತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡಿಕೊಂಡೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಅದರಲ್ಲಿ ಒಂದು ಸರಕಾರಿ ಕಚೇರಿ ಬರುತ್ತದೆ. ಯಾವ ಕೆಲಸವನ್ನೂ ಮಾಡದಿರುವುದು ಹೇಗೆ ಎಂಬ ಶಾಸ್ತ್ರದಲ್ಲಿ ಆ ಕಚೇರಿ ಪಾರಂಗತ. ಅರ್ಜಿ ಹಿಡಿದು ಹೋದವನನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಅಟ್ಟುತ್ತಾರೆ. ‘ಸುತ್ತುಬಳಸು ಇಲಾಖೆ’ ಎಂದು ನಾವು ಅದನ್ನು ಕರೆಯಬಹುದು. ನಾವು ಧಾರಾವಿಯ ಕಡೆಗೆ ಬೆರಳು ತೋರಿಸಿ ‘ಡಿಕೆನ್ಸಿಯನ್’ ಎನ್ನುವಾಗ, ಉಳಿದ ಮೂರು ಬೆರಳು ನಮ್ಮ ಕುರ್ಚಿಯ ಕಡೆಗೇ ತಿರುಗಿರುತ್ತವೆ. ಧಾರಾವಿಯ ಪುನರ್ವಿಕಾಸದ ಮಾತು ಹಳೆಯದು. ೧೯೮೫ರ ಪ್ರಧಾನಮಂತ್ರಿಗಳ ಅನುದಾನದಿಂದ ಮೊದಲ್ಗೊಂಡು ೨೦೦೪ರ ಯೋಜನೆ, ೨೦೨೨ರ ಟೆಂಡರು, ೨೦೨೪ರಲ್ಲಿ ಆರಂಭವಾದ ಮನೆಮನೆ ಸಮೀಕ್ಷೆಯವರೆಗೆ ಎಷ್ಟೋ ಕಡತಗಳು ಓಡಾಡಿವೆ. ಯಾರು ಯಾವ ವರ್ಷಕ್ಕೆ ಮೊದಲು ಬಂದವರು, ನೆಲಮಹಡಿಯವರೋ ಮೇಲಿನವರೋ, ಅರ್ಹರೋ ಅನರ್ಹರೋ ಎಂದು ವಿಂಗಡಿಸುವ ಕೆಲಸ. ವಿಂಗಡಣೆ ಬೇಡವೆಂದು ಗುಮಾಸ್ತನಾದ ನಾನು ಹೇಳಲಾರೆ. ಆದರೆ ‘ಅನರ್ಹ’ ಎಂಬುದೂ ಒಂದು ವಿಶೇಷಣವೇ. ‘ಮುಂದೆ ನಡಿ’ ಎನ್ನುವ ಮಾತಿಗೆ ಕಚೇರಿಯ ಭಾಷೆಯಲ್ಲಿ ಅದು ಪರ್ಯಾಯವಾಗಬಾರದು.

ಇಷ್ಟು ಹೇಳಿ ಡಿಕೆನ್ಸನನ್ನು ದೇವರ ಗೂಡಿನಲ್ಲಿ ಕೂರಿಸುವುದೂ ವಿಮರ್ಶೆಯಲ್ಲ. ಅವನ ದೋಷಗಳು ದೊಡ್ಡವು. ಕಣ್ಣೀರು ತರಿಸಬೇಕೆಂದು ಹಟ ಹಿಡಿದರೆ ಓದುಗ ಅಳುವವರೆಗೆ ಬಿಡುವವನಲ್ಲ. ಕೊನೆಯಲ್ಲಿ ಒಬ್ಬ ಸದಯ ಶ್ರೀಮಂತ ಬಂದು ಎಲ್ಲವನ್ನೂ ಸರಿಪಡಿಸುತ್ತಾನೆ. ನಮ್ಮ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ ೧೯೪೦ರ ತನ್ನ ದೀರ್ಘ ಪ್ರಬಂಧದಲ್ಲಿ ಇದನ್ನು ಎತ್ತಿ ತೋರಿಸಿದ್ದಾನೆ. ಆರ್ವೆಲ್ಲನ ಪಾಲಿಗೂ ಮುಂದೆ ಒಂದು ವಿಶೇಷಣ ಬಂದು ಅವನನ್ನೂ ಅರ್ಧ ಮಾಡಿತು, ಆ ಮಾತು ಬೇರೆ. ಇದಕ್ಕಿಂತ ಕಹಿಯಾದ ಸಂಗತಿಯೊಂದಿದೆ. ೧೮೫೭ರ ಬಂಡಾಯದ ಸುದ್ದಿ ಲಂಡನ್ ಮುಟ್ಟಿದಾಗ ಇದೇ ಡಿಕೆನ್ಸ್, ತಾನು ಭಾರತದ ಸೇನಾಧಿಪತಿಯಾಗಿದ್ದರೆ ಆ ಜನಾಂಗವನ್ನೇ ನಿರ್ಮೂಲ ಮಾಡಲು ಯತ್ನಿಸುತ್ತಿದ್ದೆ ಎಂಬರ್ಥದ ಪತ್ರವನ್ನು ಸ್ನೇಹಿತೆಯೊಬ್ಬಳಿಗೆ ಬರೆದ. ಓದಿ ನನಗೆ ಮೈ ಉರಿಯಿತು. ಲಂಡನ್ನಿನ ಜೋನನ್ನು ಒಳಗಿನಿಂದ ಕಂಡವನು ನಮ್ಮನ್ನು ಹೊರಗಿನಿಂದಲೂ ಸರಿಯಾಗಿ ಕಾಣಲಿಲ್ಲ. ಅವನಿಗೂ ಒಂದು ಕಿಟಕಿಯಿತ್ತು, ಅವನೂ ಒಂದು ದಿನ ಅದರ ಹೊರಗೆ ನಿಂತ. ಆದ್ದರಿಂದ ಅವನ ಹೆಸರನ್ನು ಪದಕದ ಹಾಗೆ ಯಾರ ಎದೆಗೂ ಚುಚ್ಚಬೇಕಾಗಿಲ್ಲ. ಮಸಿಯ ಹಾಗೆ ಯಾವ ಊರಿನ ಮುಖಕ್ಕೂ ಬಳಿಯಬೇಕಾಗಿಲ್ಲ.

ಈ ತಿಳಿವಳಿಕೆಯೊಂದಿಗೆ ಆ ಹುಡುಗಿಯ ಕಥೆಯನ್ನು ಮತ್ತೊಮ್ಮೆ ಓದಿದೆ. ಗುಂಡಿ ಹಚ್ಚುವ ಮುದುಕ ಲೆಕ್ಕವನ್ನು ಕಾಗದದಲ್ಲಿ ಬರೆಯುವುದಿಲ್ಲ. ನೂರು ಗುಂಡಿಗೆ ಒಮ್ಮೆ ಬೀಡಿ ಹಚ್ಚುತ್ತಾನೆ. ಸಂಜೆ ಬೀಡಿಯ ತುಂಡುಗಳನ್ನು ಎಣಿಸಿ ಕೂಲಿ ಕೇಳುತ್ತಾನೆ. ಮಾಲಿಕ ಬೀಡಿ ಸೇದಬಾರದೆಂದು ಕಟ್ಟಳೆ ಮಾಡುತ್ತಾನೆ. ಬಟ್ಟೆಗೆ ಬೆಂಕಿ ತಗಲೀತೆಂಬ ಭಯ ಅವನಿಗೆ. ಆ ಭಯ ಸುಳ್ಳೂ ಅಲ್ಲ. ಮುದುಕನ ಲೆಕ್ಕ ತಪ್ಪುತ್ತದೆ. ಗಾಲಾದ ಹುಡುಗರು ಅವನಿಗೆ ಮೊಬೈಲಿನಲ್ಲಿ ಎಣಿಸುವುದನ್ನು ಕಲಿಸಹೊರಡುತ್ತಾರೆ. ಅವನು ಒಪ್ಪದೆ, ಸೇದದ ಬೀಡಿಗಳನ್ನೇ ಒಂದೊಂದಾಗಿ ಕಿಟಕಿಯ ಸಂದಿಯಲ್ಲಿ ಸಿಕ್ಕಿಸುತ್ತ ಹೋಗುತ್ತಾನೆ. ಕೊನೆಯ ಪುಟದಲ್ಲಿ ಮಳೆ ಬಂದು ಬೀಡಿಗಳು ನೆನೆದು ಹೋಗುತ್ತವೆ. ಮಾಲಿಕ ಯಾರೂ ಕೇಳದೆಯೇ ಪೂರ್ತಿ ಕೂಲಿ ಕೊಡುತ್ತಾನೆ. ಮುದುಕ ಅದರಲ್ಲಿ ಎಂಟು ರೂಪಾಯಿ ಹಿಂದಿರುಗಿಸುತ್ತಾನೆ, ಲೆಕ್ಕ ಅಷ್ಟಿರಲಿಲ್ಲವೆಂದು.

ಇದರಲ್ಲಿ ಕೊಳಕಿಲ್ಲವೆಂದು ನಾನು ಅಂಕ ಕಡಿಮೆ ಕೊಟ್ಟೆ! ಎರಡನೆಯ ಓದಿನಲ್ಲಿ ಕಂಡದ್ದೇನೆಂದರೆ, ಅದೆಲ್ಲವೂ ಅಲ್ಲೇ ಇದೆ. ಅಟ್ಟಕ್ಕೆ ಏರುವ ಕಬ್ಬಿಣದ ಏಣಿಯನ್ನು ಮುದುಕ ಹಿಂದುಮುಂದಾಗಿ ಇಳಿಯುವುದು, ಗಟಾರದ ನೀರು ಏರಿದಾಗ ಬಟ್ಟೆಯ ಗಂಟುಗಳನ್ನು ತಲೆಯ ಮೇಲೆ ಹೊತ್ತು ನಿಲ್ಲುವುದು, ಎಲ್ಲವೂ ಒಂದೊಂದೇ ವಾಕ್ಯದಲ್ಲಿ ಬಂದು ಹೋಗುತ್ತವೆ. ಅವಳು ಅದಕ್ಕೆ ಬೆನ್ನು ಹಾಕಿರಲಿಲ್ಲ. ಅದರ ಮೇಲೆ ನಿಂತು ಬೇರೆ ಏನನ್ನೋ ನೋಡುತ್ತಿದ್ದಳು. ತಾನು ದಿನವೂ ತುಳಿಯುವ ನೆಲವನ್ನು ಯಾರೂ ಹತ್ತು ಸಲ ವರ್ಣಿಸುವುದಿಲ್ಲ. ವರ್ಣಿಸುವವನು ಮೊದಲ ಸಲ ಬಂದವನು. ಕಥೆಯ ದೋಷಗಳೂ ಇವೆ. ನಡುವೆ ಎರಡು ಪುಟ ಎಳೆದಂತಾಗಿದೆ, ಮಾಲಿಕನ ಮನಸ್ಸು ಬದಲಾಗುವುದಕ್ಕೆ ಸಾಕಷ್ಟು ಸಿದ್ಧತೆಯಿಲ್ಲ. ಸದಯ ಶ್ರೀಮಂತನ ಆ ಹಳೆಯ ದೋಷ ಇಲ್ಲಿಯೂ ಸ್ವಲ್ಪ ಇಣುಕಿದೆ. ನಾನು ಹೇಳಬೇಕಾಗಿದ್ದದ್ದು ಇದನ್ನು. ಇದು ಅವಳಿಗೆ ಉಪಯೋಗವಾಗುತ್ತಿತ್ತು. ‘ಡಿಕೆನ್ಸಿಯನ್’ ಎಂಬುದರಿಂದ ಉಪಯೋಗವಾದದ್ದು ನನಗೆ ಮಾತ್ರ; ಸಭೆಯಲ್ಲಿ ತಲೆಗಳು ಆಡಿದವು.

ಮುಂಬಯಿಯ ಕನ್ನಡ ಸಾಹಿತ್ಯಕ್ಕೆ ಈ ಪಾಠ ಹೊಸದೂ ಅಲ್ಲ. ಯಶವಂತ ಚಿತ್ತಾಲರು ‘ಶಿಕಾರಿ’ಯನ್ನು ೧೯೭೯ರಲ್ಲಿ ಪ್ರಕಟಿಸಿದಾಗ ಈ ನಗರದ ಭಯವನ್ನು ಒಬ್ಬ ನಾಗಪ್ಪನ ಎದೆಬಡಿತದಲ್ಲಿ ಹಿಡಿದರು, ನಗರಕ್ಕೆ ವಿಶೇಷಣ ಹುಡುಕಲಿಲ್ಲ. ವ್ಯಾಸರಾಯ ಬಲ್ಲಾಳರ ‘ಬಂಡಾಯ’ಕ್ಕೆ ೧೯೮೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ನಾವು ಕಾರ್ಮಿಕ ಜಗತ್ತಿನ ಕಥೆಯನ್ನು ಗೌರವಿಸಿದೆವು. ಜಯಂತ ಕಾಯ್ಕಿಣಿಯವರು ಮುಂಬಯಿಯ ಸಣ್ಣ ಮನುಷ್ಯನ ಮದುವೆಯ ಕುದುರೆಗೆ ‘ಅಶ್ವಮೇಧ’ದ ಪಟ್ಟ ಕಟ್ಟಿ ‘ದಗಡೂ ಪರಬನ ಅಶ್ವಮೇಧ’ ಎಂದರು. ಹೆಸರಿಲ್ಲದ ಗುಂಪಿನಿಂದ ಒಬ್ಬ ದಗಡೂ ಪರಬನನ್ನು ಪೂರ್ತಿ ಹೆಸರಿನೊಂದಿಗೆ ಹೊರಗೆ ಕರೆದರು. ಅವರ ಮುಂಬಯಿ ಕಥೆಗಳ ಆಂಗ್ಲಾನುವಾದ ‘ನೋ ಪ್ರೆಸೆಂಟ್ಸ್ ಪ್ಲೀಸ್’ಗೆ ೨೦೧೮ರ ಡಿ.ಎಸ್.ಸಿ. ಪ್ರಶಸ್ತಿ ದೊರೆಯಿತು. ಚಿತ್ತಾಲರೂ ಕಾಯ್ಕಿಣಿಯವರೂ ರಸಾಯನಶಾಸ್ತ್ರದ ಹಾದಿಯಲ್ಲೇ ನಡೆದು ಬಂದವರೆಂಬುದು ನನ್ನಂಥ ಬಿ.ಎಸ್ಸಿ.ಗೆ ಒಂದು ಸಣ್ಣ ಹೆಮ್ಮೆ. ಪ್ರಯೋಗಶಾಲೆಯಲ್ಲಿ ನಮಗೆ ಮೊದಲು ಕಲಿಸಿದ್ದು, ಸೀಸೆಯ ಮೇಲಿನ ಚೀಟಿಯನ್ನು ಓದಿ ಒಳಗಿರುವುದು ಅದೇ ಎಂದು ನಂಬಬೇಡ, ಪರೀಕ್ಷೆ ಮಾಡು ಎಂದು. ಅದನ್ನು ನಾನು 'ಪ್ರ್ಯಾಕ್ಟಿಕಲ್' ಮುಗಿದೊಡನೆ ಮರೆತಿದ್ದೆ.

ಆಮೇಲೆ ಒಂದು ಭಾನುವಾರ ಅವಳ ತಂದೆಯ ಗಾಲಾಕ್ಕೆ ಹೋಗಿದ್ದೆ. ಕ್ಷಮೆ ಕೇಳುವ ನೆಪ. ಸಾಯನ್ ನಿಲ್ದಾಣದಿಂದ ನಡೆದರೆ ಹದಿನೈದು ನಿಮಿಷ. ಇಷ್ಟು ವರ್ಷ ನಾನು ಆ ಹದಿನೈದು ನಿಮಿಷ ನಡೆದಿರಲಿಲ್ಲ. ಹುಡುಗಿ ನಾನು ಬರೆದುಕೊಂಡು ಹೋದ ಟಿಪ್ಪಣಿಯನ್ನು ಓದಿ, ಮಾಲಿಕನ ವಿಷಯದಲ್ಲಿ ನನ್ನ ಮಾತನ್ನು ಒಪ್ಪಿದಳು. ನಡುವಿನ ಎರಡು ಪುಟಗಳ ವಿಷಯದಲ್ಲಿ ಒಪ್ಪಲಿಲ್ಲ. ತಂದೆ ನನ್ನ ಅಂಗಿಯ ಕೈಗೆ ಗುಂಡಿಯೊಂದು ಸಡಿಲವಾಗಿರುವುದನ್ನು ನೋಡಿ, ಮಾತಾಡುತ್ತಲೇ ಬಿಗಿ ಮಾಡಿಕೊಟ್ಟರು. ಅಲ್ಲಿನವರು ಯಾವ ಊರೆಂದು ಕೇಳಿದರೆ ಮರಾಠಿಯಲ್ಲಿ ‘ಧಾರಾವಿಕರ್’ ಎನ್ನುತ್ತಾರೆ. ಅದೂ ಹೆಸರಿಗೆ ಪ್ರತ್ಯಯ ಹಚ್ಚಿದ ಶಬ್ದವೇ. ಆದರೆ ಹಚ್ಚಿಕೊಂಡವರು ಅವರೇ.

ಮುಂದಿನ ವರ್ಷದ ಸ್ಪರ್ಧೆಗೆ ತೀರ್ಪುಗಾರನಾಗಲು ಮತ್ತೆ ಕರೆ ಬಂದಿದೆ. ‘ಆಗುವುದಿಲ್ಲ’ ಎನ್ನುವುದು ನನ್ನಿಂದ ಈ ಸಲವೂ ಆಗಲಿಲ್ಲ. ಆದರೆ ಅರ್ಥ ಗೊತ್ತಿಲ್ಲದ ವಿಶೇಷಣವನ್ನು ಯಾವ ಕಥೆಯ ಮೇಲೂ ಬಳಸುವುದಿಲ್ಲವೆಂದು ಬರೆದುಕೊಟ್ಟಿದ್ದೇನೆ. ಓದುಗರು ನನ್ನನ್ನು ಈ ಮಾತಿಗೆ ಕಟ್ಟಿಹಾಕಬಹುದು.